ನಲ್ಲಮಲೆಯ ಚೆಂಚರೂ ತಪಸಿಮರದ ಅಂಟೂ

 

ಯುಗಾದಿಗೆ ಆತ್ಮಕೂರಿನ ದಾರಿಯಿಂದ ಶ್ರೀಶೈಲಕ್ಕೆ ಕಾಲ್ನಡೆಯಾಗಿ ಹೋಗಿಬಂದವರು ನಿಮ್ಮಲ್ಲಿ ಅನೇಕರುಂಟು. ನಲ್ಲಮಲೆಯ ಕಾಡನ್ನು ದಾಟುವಾಗ ಬಂಡೆಗಳ ನಡುವೆ ಎಲೆಯುದುರಿ, ತೊಗಟೆಯು ಕಾಗದದಂತೆ ಸುಲಿದು, ಬೆಳ್ಳಗೆ ನಿಂತ ಮರವನ್ನು ಕಂಡಿರಬಹುದು. ತೆಲುಗರು ಅದನ್ನು ತಪಸಿಯೆನ್ನುವರು. ಅಲ್ಲಿಯ ಚೆಂಚುಜನರಿಗೆ ಬೇಸಗೆಯ ಜೀವನಾಧಾರಗಳಲ್ಲಿ ಈ ಮರದ ಅಂಟೂ ಒಂದು. ಮಲ್ಲಿಕಾರ್ಜುನನನ್ನು ಚೆಂಚು ಮಲ್ಲಯ್ಯನೆಂದು ಕರೆದು, ತಮ್ಮ ಮನೆಯ ಅಳಿಯನೆಂದೇ ಹೇಳಿಕೊಳ್ಳುವ ಜನರಿವರು. ಆದುದರಿಂದ ಅವರ ವಿಷಯವು ಈ ಸಭೆಗೆ ಹೊರತಾದುದಲ್ಲ.

ಮರದಿಂದ ಒಸರಿ ಗಟ್ಟಿಯಾಗುವುದನ್ನು ನಿರ್ಯಾಸವೆನ್ನುವರು. ಅದರಲ್ಲಿ ರಾಳವು ಕೆಂಡದ ಮೇಲೆ ಪರಿಮಳಿಸುವುದು. ಅಮರಕೋಶವು ಅದಕ್ಕೆ ಸರ್ಜರಸ, ಯಕ್ಷಧೂಪ ಎಂಬ ಹೆಸರುಗಳನ್ನೂ ಕೊಟ್ಟಿದೆ. ತಪಸಿಯದು ರಾಳವಲ್ಲ, ಅಂಟು. ನೀರಿಗೆ ಹಾಕಿದರೆ ಕರಗದೆ ಹಲವು ಪಟ್ಟು ಉಬ್ಬುವುದು. ಈ ಗುಣಕ್ಕಾಗಿ ಮಲಬದ್ಧತೆಯ ಔಷಧಕ್ಕೂ, ಕಟ್ಟಿಸಿದ ಹಲ್ಲನ್ನು ಒಸಡಿಗೆ ಹಿಡಿಸುವ ಪುಡಿಗೂ ಅದು ಬೇಕಾಗಿ, ಹಡಗೇರಿ ಪರದೇಶಗಳಿಗೆ ಹೋಗುವುದು. ಧೂಪಕ್ಕೆ ಬಾರದ ವಸ್ತುವೆಂದೋ ಏನೋ, ನಮ್ಮ ಪಂಡಿತರು ಇದರ ಮಾತನ್ನೇ ಎತ್ತುವುದಿಲ್ಲ.

ಮಳೆಗೆ ಮುಂಚಿನ ಬಿರುಬಿಸಿಲಿನಲ್ಲಿ ಒಸರಿದ ಅಂಟೇ ಉತ್ತಮವಾದುದು. ಕಾಂಡಕ್ಕೆ ಗಾಯಮಾಡಿ, ಕೆಲವು ದಿನ ಕಳೆದಮೇಲೆ ಗಟ್ಟಿಗಳನ್ನು ಬಿಡಿಸಿ, ಅಂಟಿದ ತೊಗಟೆಯ ಚೂರುಗಳನ್ನು ಆರಿಸಿ ಒಣಗಿಸುವರು. ಬೆಳ್ಳಗೆ ಶುಚಿಯಾಗಿದ್ದರೆ ಹೆಚ್ಚು ಬೆಲೆ, ಕಪ್ಪಾಗಿದ್ದರೆ ಕಡಮೆ. ಬಹುಕಾಲ ಈ ವ್ಯಾಪಾರವು ವರ್ತಕರ ಕೈಯಲ್ಲಿದ್ದಿತು. ೧೯೫೬ರಲ್ಲಿ ವಿಶಾಖಪಟ್ಟಣದಲ್ಲಿ ಸ್ಥಾಪಿತವಾದ ಗಿರಿಜನ ಸಹಕಾರ ಸಂಸ್ಥೆಯು ಮುಂದೆ ನಲ್ಲಮಲೆಯಲ್ಲಿಯೂ ಅಂಟನ್ನು ಕೊಳ್ಳತೊಡಗಿತು.

ಇಷ್ಟಾದರೂ ಮರಗಳು ಅಳಿದುವು. ಬೇಗ ತೂಕ ಕೂಡಿಸಬೇಕೆಂದು ಕೊಡಲಿಯಿಂದ ಒಳಗಟ್ಟಿಯವರೆಗೆ ಕಡಿದರೆ ಆ ಗಾಯವು ಕೂಡಿಕೊಳ್ಳದು. ಹುಳು ಹೊಕ್ಕು ಮರವು ಸಾಯುವುದು. ಇದನ್ನು ಕಾಡಿನವರ ದುರಾಶೆಯೆಂದು ದೂರುವವರುಂಟು. ನನಗೆ ಹಾಗೆ ತೋರದು. ನಾಳೆ ಈ ಮರವು ತನ್ನದಾಗಿರುವುದೋ ಇಲ್ಲವೋ ಎಂಬ ಸಂದೇಹವಿದ್ದವನು, ಮನೆಯಲ್ಲಿ ಹಸಿದ ಮಕ್ಕಳಿರುವಾಗ, ಮರವನ್ನು ಮುಂದಿನ ವರ್ಷಕ್ಕೆಂದು ಹೇಗೆ ಬಿಟ್ಟಾನು? ಕಿರುಅರಣ್ಯೋತ್ಪನ್ನಗಳ ಒಡೆತನವು ಕಾಡಿನವರದೆಂದು ಶಾಸನವು ಒಪ್ಪಿದುದು ೨೦೦೬ರಷ್ಟು ಈಚೆಗೆ. ತೊಗಟೆಯನ್ನಷ್ಟೇ ಸಣ್ಣ ಕತ್ತಿಯಿಂದ ಕೆತ್ತಿ, ಮರಕ್ಕೆ ಬಿಡುವು ಕೊಡುವ ಕ್ರಮವನ್ನು ಚೆಂಚರಿಗೆ ಕಲಿಸಿದ್ದಾರೆ. ಹಾಗೆ ಕೆತ್ತಿದ ಗಾಯವು ಮುಚ್ಚಿಕೊಳ್ಳುವುದು. ಆ ಮರವೇ ಮತ್ತೆ ಅಂಟು ಕೊಡುವುದು.