ಮಣ್ಣೆತ್ತು, ಜೋಕುಮಾರ ಮತ್ತು ಊರ ಕೆರೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಹಾಕದೆ ನಡೆಯುವುದು ಸಣ್ಣ ಮಾತಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಸಹಕಾರ ಸಂಘ ಕಟ್ಟಿದರು. ಅಂದು ಹಚ್ಚಿದ ದೀಪದ ಕುಡಿಯೇ ನಮ್ಮ ಊರಿನ ಈ ಸಂಘ. ಸಾಲ, ಬೀಜ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ಈಗತಾನೆ ಓದಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಮಣ್ಣು ಮತ್ತು ನೀರಿನ ಹಬ್ಬಗಳು. ಸೊಸೈಟಿ ವೇದಿಕೆ ಮೇಲೆ ಹಬ್ಬದ ಮಾತು ಯಾಕ್ರೀ ಅಂತ ಕೆಲವರಿಗೆ ಅನಿಸಬಹುದು. ಕಾರಣ ಐತಿ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಸೀಮೆಯ ಪಂಚಾಂಗ ನೋಡ್ರಿ. ಜ್ಯೇಷ್ಠದಲ್ಲಿ ಕಾರಹುಣ್ಣಿಮೆ. ಅಂದು ಜೀವಂತ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುತ್ತೇವೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಅಂದು ಮಣ್ಣಿನ ಎತ್ತು ಮಾಡಿ ಪೂಜೆ. ಶ್ರಾವಣಕ್ಕೆ ನಾಗರಪಂಚಮಿ, ಹುತ್ತದ ಮಣ್ಣಿಗೆ ಹಾಲೆರೆಯುವುದು. ಭಾದ್ರಪದಕ್ಕೆ ಮಣ್ಣಿನ ಗಣಪ, ಅವನ ಬೆನ್ನಿಗೇ ಮಣ್ಣಿನ ಜೋಕುಮಾರ. ಆಮೇಲೆ ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಡಿ ತುಂಬುವುದು. ಮುಂಗಾರು ಹನಿ ಬಿದ್ದಾಗಿನಿಂದ ಬೆಳೆ ಕೈಗೆ ಬರುವತನಕ ನಮ್ಮ ಹಿರಿಯರು ಊರವರ ಕೈಯನ್ನು ಮಣ್ಣಿನಿಂದ ಬಿಡಿಸಿಯೇ ಇಲ್ಲ.

ಮಣ್ಣೆತ್ತಿನ ಹಬ್ಬ ನಡೆಯುವ ರೀತಿ ಹಿರಿಯರಿಗೆ ಗೊತ್ತು, ಇಲ್ಲಿ ಕೂತ ಹುಡುಗರಿಗಾಗಿ ಹೇಳುತ್ತೇವೆ. ಮೊದಲು ಕೆರೆಗೆ ಹೋಗಬೇಕು. ಮೇಲಿನ ಮಣ್ಣು ಬೇಡ. ಅದರಲ್ಲಿ ಕಸ, ಬೇರು ಇರುತ್ತವೆ. ಒಂದು ಮೊಳ ಅಗೆದರೆ ಜಿಗಿ ಇರುವ ಮಣ್ಣು ಸಿಗುತ್ತದೆ. ಅದನ್ನು ಹರಳು ಆರಿಸಿ, ನೀರು ಚಿಮುಕಿಸಿ, ತುಳಿದು ಹದ ಮಾಡಬೇಕು. ಎತ್ತಿನ ಜೋಡಿಯ ಜೊತೆಗೆ ಮೇವು ಹಾಕುವ ಗ್ವಾದಲಿಯೂ ಆಗಬೇಕು. ಎತ್ತು ಇದ್ದು ಮೇವಿಲ್ಲದಿದ್ದರೆ ಆದೀತೇ? ಕಣ್ಣಿಗೆ ಜೋಳದ ಕಾಳು ಒತ್ತುವುದು. ಬಿಸಿಲಿಗಿಟ್ಟರೆ ಬಿರಿಯುತ್ತದೆ, ನೆರಳಲ್ಲೇ ಆರಬೇಕು. ಸುಡುವುದಂತೂ ಇಲ್ಲ. ಸುಟ್ಟರೆ ಅದು ಮತ್ತೆ ಮಣ್ಣಾಗುವುದಿಲ್ಲ. ಮರುದಿನ ಹುಡುಗರು ಎತ್ತು ಕುಂಟಾಗೈತಿ ಅಂತ ಹಾಡಿಕೊಂಡು ಮನೆಮನೆಗೆ ಹೋಗಿ ಜೋಳ, ಕಾಸು ಕೂಡಿಸುತ್ತಾರೆ. ಕೊನೆಗೆ ಎತ್ತುಗಳು ಹಳ್ಳಕ್ಕೋ ಕೆರೆಗೋ ಹೋಗಿ ಕರಗುತ್ತವೆ. ಕೆರೆಯಿಂದ ಬಂದದ್ದು ಕೆರೆಗೆ ಹೋಯಿತು, ಲೆಕ್ಕ ಚುಕ್ತಾ.

ಜೋಕುಮಾರನ ಹಬ್ಬದಲ್ಲಿ ಇನ್ನೊಂದು ಗುಟ್ಟು ಐತಿ. ಕುಂಬಾರರು ಮಣ್ಣಿನ ಮೂರ್ತಿ ಮಾಡಿಕೊಡುತ್ತಾರೆ. ಗಂಗಾಮತಸ್ಥ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ ಮನೆಮನೆಗೆ ಹೊತ್ತು ಹಾಡುತ್ತಾರೆ. ಒಕ್ಕಲಿನ ಮನೆಯವರು ಮರದಲ್ಲಿ ಕಾಳು ತಂದು ಕೊಟ್ಟು, ಅವರು ಕೊಟ್ಟದ್ದನ್ನು ಹೊಲಕ್ಕೆ ಚೆಲ್ಲುತ್ತಾರೆ. ಏಳು ದಿನದ ಆಯುಷ್ಯ ಮುಗಿದ ಮೇಲೆ ಹುಣ್ಣಿಮೆ ರಾತ್ರಿ ಅವನ ಕಥೆ ಅಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮುಗಿಯುತ್ತದೆ. ಒಂದು ಹಿಡಿ ಮಣ್ಣಿನ ಸುತ್ತ ಊರಿನ ಎಷ್ಟು ಮನೆತನಗಳ ಕೈ ಕೂಡಿತು ನೋಡಿ. ಷೇರು ಹಣ ಇಲ್ಲದ ಸಹಕಾರ ಸಂಘ ಅಂದರೆ ಇದೇ ಅಲ್ಲವೇ?

ಜನಪದರು ಹೇಳುವ ಕಥೆ ಇನ್ನೂ ಚೆಂದ. ಗಣಪ ಭೂಮಿಗೆ ಬಂದು, ಉಳ್ಳವರ ಮನೆಯಲ್ಲಿ ಕಡುಬು ತಿಂದು, ಕೈಲಾಸಕ್ಕೆ ಹೋಗಿ ಎಲ್ಲ ಸುಭಿಕ್ಷವಾಗೈತಿ ಅಂತ ಶಿವನಿಗೆ ಹೇಳುತ್ತಾನಂತೆ. ಜೋಕುಮಾರ ಹಾಗಲ್ಲ. ಬಡವರ ಕೇರಿ ತಿರುಗಿ, ಒಣಗಿದ ಹೊಲ ನೋಡಿ, ಮಳೆಯಿಲ್ಲದೆ ಮಂದಿ ಸಾಯಾಕ ಹತ್ಯಾರ ಅಂತ ಇದ್ದದ್ದು ಇದ್ದಂಗೆ ಹೇಳುತ್ತಾನೆ. ಅದಕ್ಕೇ ಮಳೆ ಬರುತ್ತದೆ ಅಂತ ನಂಬಿಕೆ. ನಮ್ಮ ಸಂಘಕ್ಕೂ ವರ್ಷಕ್ಕೊಮ್ಮೆ ವಾರ್ಷಿಕ ವರದಿ ಇರುತ್ತದೆ. ಊರಿನ ಮಣ್ಣು ನೀರಿಗೂ ಅಂಥ ಒಂದು ವರದಿ ಬೇಡವೇ? ಇವತ್ತು ನಾವು ಕೇಳುವ ಪ್ರಶ್ನೆ ಇದೇ.

ಈ ಮಣ್ಣಿನ ನಂಟು ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ರಸ್ತೆಯಲ್ಲಿ ಕುಡತಿನಿಯ ಬೂದಿದಿಬ್ಬ ನೋಡಿದ್ದೀರಿ. ದನದ ಸಗಣಿ ಸುಟ್ಟು ಸುಟ್ಟು ಆದ ದಿಬ್ಬ ಅದು. ಸುಮಾರು 4000 ವರ್ಷದ ಹಿಂದಿನ ದನಗಾರರದು ಎನ್ನುತ್ತಾರೆ ಬಲ್ಲವರು. ಅದೇ ಕಾಲದ ನೆಲೆಗಳಲ್ಲಿ, ನಮ್ಮ ರಾಯಚೂರು ಬಳ್ಳಾರಿ ಸೀಮೆಯೊಳಗೇ, ಮಣ್ಣಿನ ದನದ ಬೊಂಬೆಗಳು ಸಿಕ್ಕಿವೆ. ಹಂಪಿಗೆ ಬಂದವರು ಕಲ್ಲಿನ ರಥ, ಕಲ್ಲಿನ ಕಂಬ ನೋಡಿ ಹೋಗುತ್ತಾರೆ. ಆದರೆ ಆ ಅರಮನೆಯ ಆವರಣದ ನೆಲದೊಳಗೆ ನೀರು ಹರಿಸಿದ್ದು ಕುಂಬಾರನ ಸುಟ್ಟ ಮಣ್ಣಿನ ಕೊಳವೆ. ಕಲ್ಲಿನ ಪಟ್ಟಣದ ಬಾಯಾರಿಕೆಯನ್ನು ಮಣ್ಣು ತೀರಿಸಿತು.

ಹೊಸಪೇಟೆ ಹತ್ತಿರ ಕೃಷ್ಣದೇವರಾಯರು ದೊಡ್ಡ ಕೆರೆ ಕಟ್ಟಿಸುತ್ತಿದ್ದಾಗ, ಸುಮಾರು 1520ರಲ್ಲಿ, ಪೋರ್ಚುಗೀಸ್ ಪ್ರವಾಸಿ ಪಾಯಸ್ ಕಣ್ಣಾರೆ ನೋಡಿ ಬರೆದಿದ್ದಾನೆ. ನೆಲ ಕಾಣದಷ್ಟು ಜನ ಇರುವೆ ಸಾಲಿನಂತೆ ಮಣ್ಣು ಹೊರುತ್ತಿದ್ದರಂತೆ. ಏರಿ ಎರಡು ಮೂರು ಸಲ ಒಡೆಯಿತು, ಮತ್ತೆ ಕಟ್ಟಿದರು. ವಿಜಯನಗರದ ಅರಸರ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಬಾಳೆ, ಭತ್ತ, ಕಬ್ಬು ಬೆಳೆಯುತ್ತಿವೆ. ಸಿಂಹಾಸನ ಹೋಯಿತು, ಕಾಲುವೆ ಉಳಿಯಿತು. ಯಾಕೆ ಉಳಿಯಿತು? ಪ್ರತಿ ವರ್ಷ ಯಾರೋ ಒಬ್ಬರು ಸಲಿಕೆ ಹಿಡಿದು ಹೂಳು ತೆಗೆದರು, ಅದಕ್ಕೆ.

ಇನ್ನು ಡ್ಯಾಮಿನ ಮಾತು. ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 132 ಟಿಎಂಸಿ. 2016ರ ಅಳತೆಯಲ್ಲಿ ಅದು 105.788 ಟಿಎಂಸಿಗೆ ಇಳಿದಿತ್ತು. ಅಂದರೆ ಸುಮಾರು 27 ಟಿಎಂಸಿ ನೀರಿನ ಜಾಗದಲ್ಲಿ ಹೂಳು ಕೂತಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆ ಪಾಲಾಗುವುದನ್ನು ಹೊಸಪೇಟೆಯಿಂದ ಕಂಪ್ಲಿಯ ತನಕ ರೈತರು ಎದೆ ಹಿಡಿದುಕೊಂಡು ನೋಡಿದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು ನಿಜ. ಆದರೂ 2025ರಲ್ಲಿ ಗೇಟುಗಳ ಸ್ಥಿತಿ ನೋಡಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಬಾರದೆಂದು ತೀರ್ಮಾನವಾಯಿತು. ಗೇಟು ಮುರಿದದ್ದು ಪೇಪರಿನಲ್ಲಿ ಬಂತು. ಹೂಳು ತುಂಬಿದ್ದು ಯಾರ ಕಣ್ಣಿಗೂ ಬೀಳದೆ ವರ್ಷ ವರ್ಷ ಆಯಿತು.

ಡ್ಯಾಮಿನ ಹೂಳು ನಮ್ಮ ಕೈ ಮೀರಿದ್ದು. ಅದಕ್ಕೆ ಸರ್ಕಾರಗಳು ಬೇಕು. ಊರ ಕೆರೆ ಹಾಗಲ್ಲ. ಸಂಡೂರಿನ ಗುಡ್ಡದ ಕೆಮ್ಮಣ್ಣು ಮಳೆಗೆ ಕರಗಿ ನಾರಿಹಳ್ಳ ಹಿಡಿದು ದರೋಜಿ ಕೆರೆಯ ಕಡೆಗೆ ಬರುವ ಹಾಗೆ, ಪ್ರತಿ ಊರಿನ ಮೇಲ್ಗಡೆಯ ಹೊಲದ ಮಣ್ಣು ಆ ಊರಿನ ಕೆರೆಗೆ ಇಳಿಯುತ್ತದೆ. ಅದು ಹೊಲದ ಸಾರ. ಅದನ್ನು ಕೆರೆಯಲ್ಲಿ ಬಿಟ್ಟರೆ ಹೂಳು, ತೆಗೆದು ಹೊಲಕ್ಕೆ ಹಾಕಿದರೆ ಗೊಬ್ಬರ.

ಮೊದಲು ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಎತ್ತು ಮಾಡಲು, ಜೋಕುಮಾರನನ್ನು ಮಾಡಲು, ಗಡಿಗೆ, ಹಂಚು, ಒಲೆ ಮಾಡಲು, ಮನೆ ಮೇಲ್ಮುದ್ದೆ ಬಳಿಯಲು ಎಲ್ಲರೂ ಕೆರೆಗೆ ಹೋಗುತ್ತಿದ್ದರು. ಹೋದವರು ಏರಿ ಬಿರಿದಿದ್ದನ್ನು, ತೂಬು ಕಟ್ಟಿದ್ದನ್ನು, ಅಂಗಳದಲ್ಲಿ ಜಾಲಿ ಬೆಳೆದಿದ್ದನ್ನು ಕಂಡು ಬಂದು ಕಟ್ಟೆ ಮೇಲೆ ಹೇಳುತ್ತಿದ್ದರು. ಹಬ್ಬವೇ ಕೆರೆಯ ತಪಾಸಣೆ. ಈಗ ಮಣ್ಣೆತ್ತು ಸಂತೆಯಲ್ಲಿ ಬಣ್ಣ ಬಳಿದುಕೊಂಡು ಕೂತಿರುತ್ತದೆ, ಜೋಡಿಗಿಷ್ಟು ಅಂತ ಕೊಟ್ಟು ತರುತ್ತೇವೆ. ಗಣಪ ಪ್ಲಾಸ್ಟರ್ ಆಫ್ ಪ್ಯಾರಿಸಿನವನಾದ. ಅವನು ನೀರಲ್ಲಿ ಕರಗುವುದಿಲ್ಲ, ಬಣ್ಣ ನೀರು ಕೆಡಿಸುತ್ತದೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಅಂಥ ಮೂರ್ತಿಗಳು ಬೇಡವೆಂದು ಮಾರ್ಗಸೂಚಿ ಹೊರಡಿಸಿತು. ಕೆರೆಗೆ ಹೋಗುವ ಕೆಲಸವೇ ಇಲ್ಲದ ಮೇಲೆ ಕೆರೆ ಒತ್ತುವರಿಯಾದರೂ ಗೊತ್ತಾಗುವುದು ನೀರು ಬತ್ತಿದ ಮೇಲೆಯೇ.

ಟ್ರ್ಯಾಕ್ಟರು ಬಂದಾವು, ಎತ್ತೇ ಇಲ್ಲದ ಮನ್ಯಾಗ ಮಣ್ಣೆತ್ತು ಯಾಕ್ರೀ ಅಂತ ಹುಡುಗರು ಕೇಳುತ್ತಾರೆ. ಕೇಳುವುದು ಸರಿಯೇ. ನಾವು ಹೇಳುವುದು ಇಷ್ಟು: ಎತ್ತು ಹೋದರೂ ಮಣ್ಣು ಹೋಗಿಲ್ಲ. ಟ್ರ್ಯಾಕ್ಟರಿನ ನೇಗಿಲೂ ಅದೇ ಮಣ್ಣಿಗೇ ಇಳಿಯಬೇಕು. ಮಣ್ಣು ಮುಟ್ಟಿ ಗೊತ್ತಿಲ್ಲದ ಮಗು ನಾಳೆ ಹೊಲ ಮಾರುವಾಗ ಅದನ್ನು ಬರೀ ಎಕರೆ ಲೆಕ್ಕದಲ್ಲಿ ನೋಡುತ್ತದೆ. ಹಂಪಿ ಉತ್ಸವಕ್ಕೆ ನಾವೆಲ್ಲ ನೋಡಲು ಹೋಗುತ್ತೇವೆ, ಹೋಗಬೇಕು. ಮಣ್ಣೆತ್ತಿನ ಅಮವಾಸ್ಯೆ ನೋಡುವ ಹಬ್ಬವಲ್ಲ, ಮಾಡುವ ಹಬ್ಬ. ಅದಕ್ಕೆ ವೇದಿಕೆ ಬೇಡ, ಮೈಕು ಬೇಡ.

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗೆ ಸಂಘ ಮೂರು ಕೆಲಸ ಕೈಗೆತ್ತಿಕೊಳ್ಳಲಿ ಎಂದು ನಮ್ಮ ವಿನಂತಿ.

ಮೊದಲನೆಯದು, ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಪಂಚಾಯ್ತಿಯ ಒಪ್ಪಿಗೆ ಪಡೆದು, ಸದಸ್ಯರ ಟ್ರ್ಯಾಕ್ಟರುಗಳನ್ನು ಪಾಳಿ ಮೇಲೆ ಕೂಡಿಸಿ ಹೂಳು ಸಾಗಿಸುವುದು. ಇದು ಮಸಾರಿ ಹೊಲಕ್ಕೆ ಬಲು ಒಳ್ಳೆಯದು, ತೇವ ಹಿಡಿದಿಡುತ್ತದೆ. ಎರೆ ಹೊಲದವರಿಗೆ ಇದರ ಅಗತ್ಯ ಅಷ್ಟಿಲ್ಲ, ಅವರು ಬಾಡಿಗೆ ಖರ್ಚು ಮಾಡುವುದು ಬೇಡ. ಏರಿಯ ಬುಡದಲ್ಲಿ ಮಾತ್ರ ಯಾರೂ ಅಗೆಯಬಾರದು, ಏರಿ ಸಡಿಲಾಗುತ್ತದೆ.

ಎರಡನೆಯದು, ಕೆರೆ ಅಂಗಳದಲ್ಲಿ ಜಿಗಿ ಮಣ್ಣು ಸಿಗುವ ಒಂದು ಜಾಗವನ್ನು ಕುಂಬಾರ ಮನೆಯವರಿಗೆ ಅಂತ ಬಿಡುವುದು. ಅವರೇ ನಮ್ಮ ಮಕ್ಕಳಿಗೆ ಗುರುಗಳು. ಕಲಿಸಿದ್ದಕ್ಕೆ ಅವರಿಗೆ ದಿನದ ಕೂಲಿ ಸಂಘದಿಂದ ಸಲ್ಲಬೇಕು. ಪುಕ್ಕಟೆ ಅಂತ ಕರೆಯಬಾರದು.

ಮೂರನೆಯದು, ಬರುವ ಮಣ್ಣೆತ್ತಿನ ಅಮವಾಸ್ಯೆಗೆ ಶಾಲೆ ಮಕ್ಕಳು, ತಾಯಂದಿರು, ಸದಸ್ಯರು ಎಲ್ಲ ಕೂಡಿ ಕೆರೆಗೆ ಹೋಗುವುದು. ಮಣ್ಣು ತಂದು ಸಂಘದ ಗೋದಾಮಿನ ಪಡಸಾಲೆಯಲ್ಲಿ ಎತ್ತು ಮಾಡುವುದು. ಯಾವ ಕೇರಿಯ ಮಗುವಿಗೂ ಬಾ ಅನ್ನಬೇಕು, ದೂರ ನಿಲ್ಲು ಅನ್ನಬಾರದು. ಅಂದು ಕಂಡ ಏರಿ, ತೂಬು, ಒತ್ತುವರಿ, ನೀರಿನ ಮಟ್ಟವನ್ನು ಒಂದು ವಹಿಯಲ್ಲಿ ಬರೆದು, ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಜಮಾ ಖರ್ಚಿನ ಜೊತೆಗೇ ಓದುವುದು. ಗಣಪನ ವರದಿಯೂ ಇರಲಿ, ಜೋಕುಮಾರನ ವರದಿಯೂ ಇರಲಿ.

ಇದಕ್ಕೆ ದೊಡ್ಡ ಬಜೆಟ್ಟು ಬೇಕಿಲ್ಲ. ಸಂಘದಲ್ಲಿ ಇಪ್ಪತ್ತೈದು ವರ್ಷ ಕೂಡಿಸಿಟ್ಟ ಠೇವಣಿ ಒಂದು. ಕೆರೆಯಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಕೂಡಿಸಿಟ್ಟ ಠೇವಣಿ ಇನ್ನೊಂದು. ಮೊದಲನೆಯದಕ್ಕೆ ಲೆಕ್ಕಪರಿಶೋಧಕರು ಇದ್ದಾರೆ. ಎರಡನೆಯದಕ್ಕೆ ಊರೇ ಲೆಕ್ಕಪರಿಶೋಧಕ. ಆ ಜವಾಬ್ದಾರಿ ಹೊರಲು ನೀವೆಲ್ಲ ಕೈ ಎತ್ತುವಿರೆಂದು ನಂಬಿ, ನಮ್ಮ ಎರಡು ಮಾತು ಮುಗಿಸುತ್ತೇವೆ.