ಸೋತ ಪಂದ್ಯ, ಹೆಂಗಸಿನ ಕಾಲ್ಗುಣ

(ಮಧುಗಿರಿಯಲ್ಲಿ ಸೇರಿದ್ದ ನಾಲ್ಕು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಶಿರಾ, ಕೊರಟಗೆರೆ, ಪಾವಗಡದಿಂದ ಕೆಲಸ ಬಿಟ್ಟು ಬಂದಿದ್ದೀರಿ. ವರದಕ್ಷಿಣೆ ವಿಷಯಕ್ಕೆ ಕರೆದು ಇವಳೇನು ಕ್ರಿಕೆಟ್ ಮಾತು ತೆಗೆದಳು ಅನ್ನಬೇಡಿ.

ಐಪಿಎಲ್ ನಡೆಯುವಾಗ ನಮ್ಮ ಗಂಡುಮಕ್ಕಳು ಮೊಬೈಲಿನಲ್ಲಿ ಏನು ಬರೆಯುತ್ತಾರೆ, ಯಾವುದಕ್ಕೆ ನಗುತ್ತಾರೆ ಎಂದು ಗಮನವಿಟ್ಟು ನೋಡುತ್ತಾ ಬಂದಿದ್ದೇನೆ. ಆರ್‌ಸಿಬಿ ಸೋತರೆ ಆಡಿದವನನ್ನು ಬೈಯಲಿ, ಅದು ನೋಡುವವರ ಹಕ್ಕು. ಆದರೆ ಬೈಗುಳ ಅಲ್ಲಿಗೆ ನಿಲ್ಲುವುದಿಲ್ಲ. 2023ರ ಮೇ 21ರಂದು ಬೆಂಗಳೂರಿನಲ್ಲಿ ಗುಜರಾತ್ ತಂಡದ ಶುಭಮನ್ ಗಿಲ್ ಶತಕ ಹೊಡೆದರು, ಆರ್‌ಸಿಬಿ ಹೊರಬಿತ್ತು. ಹೊಲಸು ಮಾತು ಬಿದ್ದದ್ದು ಅವರ ಸೋದರಿಯ ಮೇಲೂ. ದೆಹಲಿ ಮಹಿಳಾ ಆಯೋಗ ಪೊಲೀಸರಿಗೆ ನೋಟಿಸು ಕೊಡಬೇಕಾಯಿತು. 2021ರಲ್ಲಿ ವಿಶ್ವಕಪ್ ಸೋಲಿನ ನಂತರ ವಿರಾಟ್ ಕೊಹ್ಲಿಯ ಒಂದು ವರ್ಷವೂ ತುಂಬದ ಮಗಳಿಗೆ ಅತ್ಯಾಚಾರದ ಬೆದರಿಕೆ ಬಂತು. ಕೂಸು! ಅದಕ್ಕೂ ಮೊದಲು, ಕೊಹ್ಲಿ ರನ್ ಹೊಡೆಯದಿದ್ದರೆ ಅನುಷ್ಕಾ ಶರ್ಮಾ ಕಾರಣ ಎನ್ನುತ್ತಿದ್ದರು. ಇದು ನಾಚಿಕೆಗೇಡು ಎಂದು 2016ರಲ್ಲಿ ಕೊಹ್ಲಿಯೇ ಬರೆದರು.

ಈ ಮಾತು ನಮಗೇನು ಹೊಸದೇ? ಸೊಸೆ ಬಂದ ವರ್ಷ ಕೊಳವೆಬಾವಿಯಲ್ಲಿ ನೀರು ಬರದಿದ್ದರೆ ಅವಳ ಕಾಲ್ಗುಣ. ನಷ್ಟ ತುಂಬಲು ತವರಿನಿಂದ ದುಡ್ಡು ತಾ ಅನ್ನುವುದು ಅದರ ಮುಂದಿನ ಮಾತು. ಮೊಬೈಲು ಹೊಸದು, ಮಾತು ಅತ್ತೆಮನೆಯದೇ.

ಮಾತು ಮಾತಾಗಿಯೇ ಉಳಿಯುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಮೂರು ಫುಟ್‌ಬಾಲ್ ವಿಶ್ವಕಪ್‌ಗಳ ಪೊಲೀಸ್ ದಾಖಲೆ ನೋಡಿದರು. ಇಂಗ್ಲೆಂಡ್ ಸೋತ ದಿನ ಮನೆಯೊಳಗಿನ ಹಿಂಸೆಯ ದೂರು ಶೇ. 38 ಹೆಚ್ಚಿತ್ತು. ಗೆದ್ದ ಅಥವಾ ಸಮವಾದ ದಿನವೂ ಶೇ. 26 ಹೆಚ್ಚು! ಹಾಗಾದರೆ ಸೋಲಿನ ದುಃಖ ಎಂಬುದು ಪೂರ್ತಿ ಕಾರಣವಲ್ಲ. ಕುಡಿತ ಇರಬಹುದು; ಆದರೆ ಕೈ ಎತ್ತುವ ಧೈರ್ಯ ಬಾಟಲಿಯಿಂದ ಮಾತ್ರ ಬರುವುದಿಲ್ಲ.

2024ರ ಮಾರ್ಚ್‌ನಲ್ಲಿ ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಂಗಸರು. ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ ನಾಲ್ಕು ವಿಕೆಟ್ ಪಡೆದಳು. ಆಗ ಮೊಬೈಲಿನಲ್ಲಿ ಓಡಾಡಿದ ನಗೆಚಿತ್ರಗಳಲ್ಲಿ ಅವಳ ಬೌಲಿಂಗಿಗಿಂತ, 2008ರಿಂದ ಕಪ್ ತರದ ಗಂಡಸರಿಗೆ ಆದ ಅವಮಾನವೇ ದೊಡ್ಡದು. ನಾವು ಗೆದ್ದರೂ ಕಥೆ ಅವರದೇ, ನೋಡಿ. (ಗಂಡಸರು 2025ರಲ್ಲಿ ಗೆದ್ದರು. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋಯಿತು.)

ಈಗ ಕೆಲಸದ ಮಾತು. ಗಂಡನ ಮನೆಯವರ ಕ್ರೌರ್ಯಕ್ಕಿದ್ದ 498ಎ ಕಲಂ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಠಾಣೆಯಲ್ಲಿ ಹಳೆಯ ಕಾನೂನು ಹೋಯಿತು ಎಂದರೆ ನಂಬಬೇಡಿ. ಸಹಾಯವಾಣಿ 181. ಹೊಲಸು ಸಂದೇಶ ಬಂದರೆ ಅಳಿಸಬೇಡಿ, ಅದೇ ಸಾಕ್ಷಿ. ಬರುವ ಐಪಿಎಲ್ ವೇಳೆ ವಾರದ ಸಭೆಯಲ್ಲಿ ಉಳಿತಾಯ ಬರೆದ ಮೇಲೆ, ಯಾವ ರಾತ್ರಿ ಎಷ್ಟು ಮನೆಯಲ್ಲಿ ಹೊಡೆತ ಬಿತ್ತು ಎಂದು ಬೇರೆ ಪುಸ್ತಕದಲ್ಲಿ ಗುರುತು ಹಾಕಿ. ಹೆಸರು ಬೇಡ, ತಾರೀಖು ಸಾಕು. ಜೂನ್ ತಿಂಗಳಲ್ಲಿ ನಾಲ್ಕು ತಾಲ್ಲೂಕಿನ ಪುಸ್ತಕಗಳನ್ನೂ ಇಲ್ಲಿಗೆ ತನ್ನಿ, ಒಟ್ಟಿಗೆ ಕೂತು ನೋಡೋಣ.