ಒಂದು ಬಾವಲಿ, ಮೂರು ಪಟ್ಟಿಗಳು

(ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



2018ರಲ್ಲಿ ಕೋಝಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಜ್ವರ ಕಾಣಿಸಿಕೊಂಡ ಮೇಲೆ, ಕೇರಳದ ನಮ್ಮ ತರಗತಿಗಳಲ್ಲಿ ಬಾವಲಿಯ ಹೆಸರೆತ್ತಿದರೆ ಮಕ್ಕಳು ಮೊದಲು ಹೇಳುವುದು ರೋಗದ ಮಾತನ್ನೇ. ಅದರಲ್ಲಿ ಅವರ ತಪ್ಪಿಲ್ಲ. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಆ ವೈರಾಣುವಿಗೆ ಆಶ್ರಯವೆಂಬುದು ಸಿದ್ಧವಾದ ಸಂಗತಿ. ಬಾವಲಿ ಕಚ್ಚಿದ ಹಣ್ಣನ್ನು ಮುಟ್ಟಬೇಡಿರೆಂದು ಹೇಳಿಕೊಟ್ಟವರೂ ನಾವೇ. ಇಂದು ನಾನು ಹೇಳಹೊರಟಿರುವುದು ಇದಕ್ಕೆ ತಿರುವುಮುರುವಾದ ಕತೆ. ಇದು ಬಾವಲಿಗೇ ತಗುಲಿದ ರೋಗದ ಕತೆ. ಅದನ್ನು ಖಂಡದಿಂದ ಖಂಡಕ್ಕೆ ಒಯ್ದವನು ಬಹುಶಃ ಮನುಷ್ಯ. ನಡೆದದ್ದು ಉತ್ತರ ಅಮೆರಿಕದಲ್ಲಿ.

ಆ ಬಾವಲಿಯ ಶಾಸ್ತ್ರೀಯ ನಾಮ ಮಯೋಟಿಸ್ ಸೆಪ್ಟೆಂಟ್ರಿಯೊನಾಲಿಸ್. ಕನ್ನಡದಲ್ಲಿ ಉತ್ತರದ ಉದ್ದಗಿವಿ ಬಾವಲಿ ಎನ್ನೋಣ. ಹೆಸರಿನ ಎರಡನೆಯ ಪದ ಲ್ಯಾಟಿನ್ ಭಾಷೆಯದು. ಅದರ ಮೂಲದಲ್ಲಿರುವುದು ಉಳುವ ಏಳು ಎತ್ತುಗಳು. ಉತ್ತರದ ಬಾನಿನಲ್ಲಿ ನಾವು ಸಪ್ತರ್ಷಿಗಳನ್ನು ಕಂಡೆಡೆಯಲ್ಲಿ ರೋಮನರು ಏಳು ಎತ್ತುಗಳನ್ನು ಕಂಡಿದ್ದರು. ಆದುದರಿಂದಲೇ ಆ ಪದಕ್ಕೆ ‘ಉತ್ತರದ’ ಎಂಬ ಅರ್ಥ ಬಂತು. ಕಪ್ಪುಹಲಗೆಯ ಮೇಲೆ ಹೆಸರನ್ನು ಬರೆಯುವಾಗ ಇಷ್ಟನ್ನು ಹೇಳಿದರೆ, ಬಾಯಿಗೆ ತೊಡಕಾದ ಆ ಹೆಸರನ್ನು ಮಕ್ಕಳು ಮರೆಯುವುದಿಲ್ಲ.

ಅದರ ತೂಕ ಕೇವಲ 5ರಿಂದ 8 ಗ್ರಾಂ. ಅಮೆರಿಕ ಸಂಯುಕ್ತ ಸಂಸ್ಥಾನದ 37 ರಾಜ್ಯಗಳಲ್ಲಿ ಮತ್ತು ಕೆನಡಾದ 8 ಪ್ರಾಂತ್ಯಗಳಲ್ಲಿ ಅದರ ನೆಲೆ ಹಬ್ಬಿದೆ. ಬೇಸಿಗೆಯಲ್ಲಿ ಮರದ ಸಡಿಲ ತೊಗಟೆಯ ಅಡಿಯಲ್ಲಿ ವಾಸ. ಚಳಿಗಾಲದಲ್ಲಿ ಗುಹೆಗಳಲ್ಲಿ, ಪಾಳುಬಿದ್ದ ಗಣಿಗಳಲ್ಲಿ ದೀರ್ಘನಿದ್ರೆ. ಇಷ್ಟು ವಿಶಾಲವಾಗಿ ಹರಡಿದ್ದರೂ ಅದರ ಪರಿಚಯ ಕಡಿಮೆ. 1979ರವರೆಗೂ ಅದನ್ನು ಬೇರೊಂದು ಬಾವಲಿಯ ಉಪಪ್ರಭೇದವೆಂದೇ ಎಣಿಸಲಾಗಿತ್ತು. ಗುಹೆಯಲ್ಲಿಯೂ ಅದು ಗೊಂಚಲಾಗಿ ತೂಗುವುದು ಅಪರೂಪ. ಬಂಡೆಯ ಬಿರುಕಿನಲ್ಲಿ ಹುದುಗಿ, ಮೂಗನ್ನೂ ಕಿವಿಯನ್ನೂ ಮಾತ್ರ ತೋರುತ್ತದೆ. ಎಣಿಸಲು ಹೋದವರ ಕಣ್ಣಿಗೆ ಬೀಳದೆ ಉಳಿದದ್ದೇ ಹೆಚ್ಚು.

2006ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಸಮೀಪದ ಗುಹೆಯೊಂದರಲ್ಲಿ ತೆಗೆದ ಚಿತ್ರಗಳಲ್ಲಿ, ನಿದ್ರಿಸುತ್ತಿದ್ದ ಬಾವಲಿಗಳ ಮೂತಿಯ ಮೇಲೆ ಬಿಳಿಯ ಬೂಷ್ಟು ಕಾಣಿಸಿತು. ಅದು ತಂಪಿನಲ್ಲಿಯೇ ಬೆಳೆಯುವ ಶಿಲೀಂಧ್ರ. ಯೂರೋಪಿನ ಬಾವಲಿಗಳ ಮೇಲೆಯೂ ಅದು ಉಂಟು, ಆದರೆ ಅಲ್ಲಿ ಅವು ರಾಶಿರಾಶಿಯಾಗಿ ಸಾಯುವುದಿಲ್ಲ. ಅಮೆರಿಕದ ಬಾವಲಿಗಳಿಗೆ ಅದು ಹೊಸದು. ಶಿಲೀಂಧ್ರವು ನೇರವಾಗಿ ಕೊಲ್ಲುವುದಕ್ಕಿಂತ ನಿದ್ರೆ ಕೆಡಿಸಿ ಕೊಲ್ಲುತ್ತದೆ ಎಂದರೆ ಮಕ್ಕಳಿಗೆ ತಿಳಿದೀತು. ಬಾವಲಿ ಚಳಿಗಾಲವನ್ನು ಕಳೆಯುವುದು ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದ. ಮತ್ತೆ ಮತ್ತೆ ಎಚ್ಚರವಾದರೆ ಒಂದೊಂದು ಎಚ್ಚರಕ್ಕೂ ಆ ಗಂಟು ಕರಗುತ್ತದೆ. ಹಸಿದು ಹೊರಗೆ ಹಾರಿದರೆ ಹಿಮ ಬಿದ್ದಿರುತ್ತದೆ, ಹುಳುವಿಲ್ಲ. ರೋಗ ಹರಡಿದ ಪ್ರದೇಶಗಳಲ್ಲಿ ಉದ್ದಗಿವಿ ಬಾವಲಿಯ ಸಂಖ್ಯೆ ಶೇಕಡಾ 97ರಿಂದ 100ರಷ್ಟು ಕುಸಿದಿದೆಯೆಂದು ಆ ದೇಶದ ಮೀನು ಮತ್ತು ವನ್ಯಜೀವಿ ಸೇವೆ ಹೇಳುತ್ತದೆ. ಹೆಣ್ಣು ವರ್ಷಕ್ಕೆ ಹೆರುವುದು ಒಂದೇ ಮರಿ. ಕಳೆದುಕೊಂಡದ್ದನ್ನು ಬೇಗನೆ ತುಂಬಿಕೊಳ್ಳುವ ಜೀವಿ ಅದಲ್ಲ.

ಇನ್ನು ಪಟ್ಟಿಗಳ ವಿಚಾರ. ಕೆನಡಾ 2014ರಲ್ಲಿ ಇದನ್ನು ಅಳಿವಿನಂಚಿನಲ್ಲಿರುವ ಜೀವಿಯೆಂದು ತನ್ನ ಕಾನೂನಿನಲ್ಲಿ ಸೇರಿಸಿತು. ಅಮೆರಿಕ 2015ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಅಪಾಯಕ್ಕೀಡಾದುದು’ ಎಂಬ ವರ್ಗದಲ್ಲಿರಿಸಿತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯ 2018ರ ನಿರ್ಣಯ ಇನ್ನೂ ಸೌಮ್ಯ: ‘ಅಪಾಯದ ಸಮೀಪದಲ್ಲಿರುವುದು’. ನಮ್ಮ ಅನುವಾದಗಳಲ್ಲಿ, ಪಾಠದ ಟಿಪ್ಪಣಿಗಳಲ್ಲಿ ಈ ಮೂರನ್ನೂ ‘ಅಳಿವಿನಂಚಿನ ಜೀವಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿ ಉಂಟು. ನಾನೂ ಅನೇಕ ವರ್ಷ ಹಾಗೆಯೇ ಬರೆಸಿದವನು. ಅದು ಸರಿಯಲ್ಲವೆಂದು ಈಗ ನನಗೆ ಖಚಿತವಾಗಿದೆ. ಕೆಂಪು ಪಟ್ಟಿ ಪ್ರಪಂಚದ ಒಟ್ಟು ಸ್ಥಿತಿಯನ್ನು ಅಳೆಯುತ್ತದೆ, ಆದರೆ ಯಾರ ಕೈಯನ್ನೂ ಕಟ್ಟಿಹಾಕುವುದಿಲ್ಲ. ದೇಶದ ಕಾನೂನಿನ ಪಟ್ಟಿಯಲ್ಲಿ ಒಂದು ಪದ ಬದಲಾದರೆ ಮರ ಕಡಿಯುವವನ ಕೊಡಲಿಯೂ ತಡೆದು ನಿಲ್ಲಬೇಕಾಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಅಪಾಯಕ್ಕೀಡಾದ’ ಜೀವಿಗೆ ಅಮೆರಿಕದ ಕಾನೂನು ವಿಶೇಷ ನಿಯಮವನ್ನು ಹೊಂದಿಸಿಕೊಳ್ಳಲು ಎಡೆಕೊಡುತ್ತದೆ. ಅಂತಹ ನಿಯಮದ ಪ್ರಕಾರ, ಬಾವಲಿ ಮರಿಮಾಡುವ ಮರವೆಂದು ಗೊತ್ತಿದ್ದರೆ ಜೂನ್, ಜುಲೈ ತಿಂಗಳುಗಳಲ್ಲಿ ಅದನ್ನಾಗಲಿ, ಅದರ ಸುತ್ತ 150 ಅಡಿಯೊಳಗಿನ ಮರಗಳನ್ನಾಗಲಿ ಕಡಿಯುವಂತಿರಲಿಲ್ಲ. ನಿದ್ರಿಸುವ ಗುಹೆಯ ಸುತ್ತ ಕಾಲು ಮೈಲಿಯೊಳಗೂ ಕಡಿಯುವಂತಿರಲಿಲ್ಲ. ಉಳಿದೆಡೆ ಬಹುಮಟ್ಟಿಗೆ ಅಡ್ಡಿಯಿರಲಿಲ್ಲ. ಆದರೆ ಬಿರುಕಿನಲ್ಲಿ ಅಡಗುವ ಪ್ರಾಣಿಯ ಮರ ಯಾವುದೆಂದು ಎಷ್ಟು ಮಂದಿಗೆ ಗೊತ್ತು? ಕೊಲ್ಲುತ್ತಿರುವುದು ಶಿಲೀಂಧ್ರ, ಮರ ಕಡಿಯುವವನಲ್ಲ ಎಂಬ ವಾದಕ್ಕೂ ಬಲವಿತ್ತು. ಶಿಲೀಂಧ್ರದ ಮೇಲೆ ಮೊಕದ್ದಮೆ ಹೂಡಲಾಗದು ತಾನೆ! ಆದರೂ ನೂರರಲ್ಲಿ ಮೂರೇ ಉಳಿದಾಗ ಆ ಮೂರರ ಮರಕ್ಕೆ ಬರುವ ಬೆಲೆಯೇ ಬೇರೆ. ವಿಷಯ ನ್ಯಾಯಾಲಯಕ್ಕೆ ಹೋಯಿತು. 2020ರಲ್ಲಿ ನಿರ್ಣಯವನ್ನು ಮರುಪರಿಶೀಲಿಸುವಂತೆ ಆದೇಶವಾಯಿತು. 2022ರ ನವೆಂಬರಿನಲ್ಲಿ ‘ಅಳಿವಿನಂಚಿನಲ್ಲಿರುವುದು’ ಎಂದು ಬದಲಾಯಿಸಿ, 2023ರ ಮಾರ್ಚ್ 31ರಿಂದ ಜಾರಿಗೆ ತರಲಾಯಿತು. ಈ ವರ್ಗಕ್ಕೆ ಅಂತಹ ವಿಶೇಷ ನಿಯಮದ ಸಡಿಲಿಕೆ ಇಲ್ಲ. ಬೂಷ್ಟು ಕಂಡ ದಿನದಿಂದ ಆ ಪದವನ್ನು ತಲುಪಲು ಹದಿನೇಳು ವರ್ಷ ಹಿಡಿಯಿತು.

ಲಾಂಗ್ ಐಲೆಂಡ್, ನಾಂಟಕೆಟ್ ಮೊದಲಾದ ಕರಾವಳಿ ದ್ವೀಪಗಳಲ್ಲಿ ಕೆಲವು ಬಾವಲಿಗಳು ಇನ್ನೂ ಮರಿ ಸಾಕುತ್ತಿವೆ. ಅಲ್ಲಿ ಕೆಲವು ಚಳಿಗಾಲ ಕಳೆಯುವುದು ಗುಹೆಯಲ್ಲಲ್ಲ, ಮನೆಗಳ ನೆಲದ ಅಡಿಯ ಇಕ್ಕಟ್ಟಿನಲ್ಲಿ.

ನಮ್ಮ ಶಾಲೆಗಳ ಹಳೆಯ ಹಂಚಿನ ಮಾಡಿನ ಸಂದಿಯಿಂದಲೂ ಮುಸ್ಸಂಜೆ ಹುಳು ತಿನ್ನುವ ಸಣ್ಣ ಬಾವಲಿಗಳು ಹೊರಡುತ್ತವೆ. ಅವನ್ನು ಮುಟ್ಟುವುದು ಬೇಡ, ಓಡಿಸುವುದೂ ಬೇಡ. ಅಂಗಳದಲ್ಲಿ ದೂರ ನಿಂತು, ಎಷ್ಟು ಹೊರಟವೆಂದು ಮಕ್ಕಳು ಎಣಿಸಲಿ. ಪುಸ್ತಕದಲ್ಲಿ ತಾರೀಕು, ಹೊತ್ತು, ಎಣಿಕೆ ಎಂದು ಮೂರು ಅಂಕಣ ಸಾಕು. ಮುಂದಿನ ವರ್ಷ ಅದೇ ತಿಂಗಳಿನಲ್ಲಿ ಮತ್ತೊಂದು ತರಗತಿ ಅದೇ ಪುಟವನ್ನು ತೆರೆಯಲಿ.